‘ತಿಥಿ’ ಚಿತ್ರದಲ್ಲಿ ಹಾಸ್ಯವೂ ಕರುಣವೂ

ಗ್ರಾಮ್ಯವೆಂಬುದು ಕಾವ್ಯಕ್ಕೆ ದೋಷವೆಂದು ನಮ್ಮ ಆಲಂಕಾರಿಕರು ಎಣಿಸಿರುವರು. ಆದರೆ ಆಡುವವನ ಔಚಿತ್ಯವನ್ನನುಸರಿಸಿ ದೋಷವೂ ಒಮ್ಮೊಮ್ಮೆ ಗುಣವಾಗುವುದೆಂದು ಮಮ್ಮಟನು ಒಪ್ಪಿರುವನು. ಈ ಮಾತನ್ನು ಪಾಠಶಾಲೆಯಲ್ಲಿ ಬಾಯಿಪಾಠವಾಗಿ ಕಲಿತಿದ್ದೆನು. ಮನವರಿಕೆಯಾದುದು ‘ತಿಥಿ’ ಎಂಬ ಕನ್ನಡ ಚಲಚ್ಚಿತ್ರವನ್ನು ನೋಡಿದ ಮೇಲೆಯೇ.

ಶ್ರೀ ರಾಮ್ ರೆಡ್ಡಿಯವರು ನಿರ್ದೇಶಿಸಿ, ಶ್ರೀ ಈರೇಗೌಡರೊಡನೆ ಕಥೆಯನ್ನು ಹೆಣೆದ ಈ ಚಿತ್ರವು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಸ್ವರ್ಣ ಚಿರತೆಯ ಪ್ರಶಸ್ತಿಯನ್ನು ಪಡೆದು, 2016ರ ಮೇ ತಿಂಗಳಲ್ಲಿ ನಮ್ಮ ನಾಡಿನಲ್ಲಿ ತೆರೆಕಂಡಿತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಗ್ರಾಮವೇ ಇದರ ರಂಗಭೂಮಿ. ಹಿಂದೆಂದೂ ಬಣ್ಣ ಹಚ್ಚದ ಹಳ್ಳಿಗರೇ ಪಾತ್ರಧಾರಿಗಳು.

ನೂರೊಂದು ವರ್ಷದ ಸೆಂಚುರಿ ಗೌಡನು ಬೀದಿಯಲ್ಲಿ ಕುಳಿತು ಹಾದುಹೋಗುವವರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತ, ಬೈದಂತೆಯೇ ಥಟ್ಟನೆ ಸಾಯುವನು. ಹನ್ನೊಂದನೆಯ ದಿನದ ತಿಥಿಯೊಳಗೆ ಮೂರು ತಲೆಮಾರುಗಳ ಮೂರು ದಾರಿಗಳು ತೆರೆದುಕೊಳ್ಳುವುವು. ಮಗ ಗಡ್ಡಪ್ಪನಿಗೆ ಹೆಂಡವೂ ತಿರುಗಾಟವೂ ಸಾಕು. ಮೊಮ್ಮಗ ತಮ್ಮಣ್ಣನು ಜಮೀನು ಮಾರುವ ಆತುರದಲ್ಲಿ, ಬದುಕಿರುವ ತಂದೆಯನ್ನೇ ಸತ್ತನೆಂದು ಕಾಗದದಲ್ಲಿ ತೋರಿಸಲು ಹೊರಡುವನು. ಮರಿಮಗ ಅಭಿಯು ಕುರಿಗಾರರ ಹುಡುಗಿ ಕಾವೇರಿಯ ಬೆನ್ನು ಹತ್ತಿರುವನು. ಮಾತೆಲ್ಲ ಹಸಿ, ನಗೆಯೆಲ್ಲ ಒರಟು. ಮೊದಲ ಅರ್ಧಗಂಟೆಯಲ್ಲಿ ಎದ್ದು ಹೋಗೋಣವೆಂದು ನನಗನ್ನಿಸಿದ್ದು ಸುಳ್ಳಲ್ಲ.

ಎದ್ದು ಹೋಗಿದ್ದರೆ ಚಿತ್ರದ ಪ್ರಾಣವನ್ನೇ ಕಾಣದೆ ಹೋಗುತ್ತಿದ್ದೆನು. ಮಗನು ಊರು ಬಿಡಿಸಿದ ಗಡ್ಡಪ್ಪನು ಅಲೆಮಾರಿ ಕುರಿಗಾರರ ಜೊತೆ ಸೇರುವನು. ಸುಗ್ಗಿ ಮುಗಿದ ಹೊಲದಲ್ಲಿ ಹಿಂಡು ತರುಬಿ, ರಾತ್ರಿ ಬೆಂಕಿಯ ಸುತ್ತ ಕುಳಿತುಕೊಳ್ಳುವ ಕುರಿಗಾರರನ್ನು ನಮ್ಮ ಗೊರೇಬಾಳ ಸೀಮೆಯವರು ಬಲ್ಲರು. ಅಂಥ ಬೆಂಕಿಯ ಮುಂದೆ ಅವನು, ತನ್ನ ತಂದೆಯೇ ತನ್ನ ಸಂಸಾರಕ್ಕೆ ಬಗೆದ ದ್ರೋಹವನ್ನು ಕಣ್ಣೀರಿಲ್ಲದೆ, ಕೋಪವಿಲ್ಲದೆ ಹೇಳುವನು. ಅಲ್ಲಿಯವರೆಗೆ ನಾವು ಸೋಮಾರಿತನವೆಂದು ನಕ್ಕದ್ದು ವೈರಾಗ್ಯವಾಗಿ ತೋರುವುದು. ಮುದುಕನ ಪೋಲಿ ಬೈಗುಳಗಳನ್ನು ನೆನೆದು ನಕ್ಕುದಕ್ಕೆ ನಾಚಿಕೆಯಾಗುವುದು. ಆ ಬೈಗುಳಗಳನ್ನು ಮೊದಲೇ ಸೋಸಿದ್ದರೆ ಈ ಕರುಣಕ್ಕೆ ನೆಲೆಯೇ ಇರುತ್ತಿರಲಿಲ್ಲ.

ಶ್ರದ್ಧೆಯಿಂದ ಮಾಡತಕ್ಕದ್ದು ಶ್ರಾದ್ಧ. ಈ ಚಿತ್ರದಲ್ಲಿ ಊಟಕ್ಕೆ ಜನ ಉಂಟು, ಸಾಲ ಉಂಟು, ಪುರೋಹಿತರು ಹೇಳಿದ ದಿನವುಂಟು, ಶ್ರದ್ಧೆಯೊಂದೇ ಇಲ್ಲ. ಸತ್ತವನಿಗೆ ಎಡೆಯಿಕ್ಕುವ ಮನೆಯಲ್ಲಿ ಬದುಕಿರುವ ತಂದೆಗೆ ಜಾಗವಿಲ್ಲ. ಕಾಲುವೆ ನೀರು ಬಂದು ನೆಲಕ್ಕೆ ಬೆಲೆಯೇರಿದ ನಮ್ಮ ಕಡೆಯ ಮನೆಗಳಿಗೂ ಈ ಮಾತು ತಾಗದೆ ಇರದು.

ಕೊರತೆಯೊಂದುಂಟು. ಅಭಿಯ ಚಾಪಲ್ಯವನ್ನು ಬಿಡಿಸಿ ತೋರಿದ ಚಿತ್ರಕಾರರು ಕಾವೇರಿಯ ಅಂತರಂಗವನ್ನು ಅಷ್ಟು ತೆರೆಯಲಿಲ್ಲ. ಗಡ್ಡಪ್ಪನಿಗೆ ದೊರೆತ ಬೆಂಕಿಯ ಬೆಳಕಿನಲ್ಲಿ ಅರೆಪಾಲು ಅವಳಿಗೂ ಸಲ್ಲಬೇಕಾಗಿತ್ತು.

ಆದರೂ ಅಶ್ಲೀಲವೆಂದು ಕೇಳಿ ಈ ಚಿತ್ರವನ್ನು ದೂರವಿಟ್ಟಿರುವ ನನ್ನ ವಯಸ್ಸಿನ ಗೆಳೆಯರು ಕಡೆಯವರೆಗೂ ಕುಳಿತು ನೋಡಬೇಕೆಂದು ನನ್ನ ವಿನಂತಿ. ಮಗನೊಡನೆ ಕುಳಿತು ನೋಡಲು ಸಂಕೋಚವಾಗಬಹುದು. ನೋಡಿಯಾದ ಮೇಲೆ ಮಗನೊಡನೆ ಮಾತಾಡದೆ ಇರಲು ಅದಕ್ಕಿಂತ ಹೆಚ್ಚು ಸಂಕೋಚವಾಗುವುದು.