ಬೆನ್ನು ತಿರುಗಿಸಿದ ಕುರ್ಚಿಗಳು

‘ದಿ ವಾಯ್ಸ್’ ಎಂಬ ಟಿವಿ ಹಾಡಿನ ಸ್ಪರ್ಧೆಯಲ್ಲಿ ಕೂತು ಕೇಳಬೇಕಾದದ್ದು ಬ್ಲೈಂಡ್ ಆಡಿಷನ್ ಮಾತ್ರ. ಆಮೇಲಿನ ಬ್ಯಾಟಲ್, ನಾಕ್‌ಔಟ್, ಫಿನಾಲೆ ಎಲ್ಲ ಯಾವ ರಿಯಾಲಿಟಿ ಷೋನಲ್ಲಾದರೂ ಸಿಗುವ ಸರಕು.

2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಈ ಸ್ಪರ್ಧೆಯನ್ನು ಶುರುಮಾಡಿದವನು ಜಾನ್ ಡಿ ಮೋಲ್. ನಮ್ಮ ‘ಬಿಗ್ ಬಾಸ್’ಗೆ ಮೂಲವಾದ ‘ಬಿಗ್ ಬ್ರದರ್’ ಕೂಡ ಅವನ ಕೂಸೇ. ಹಗಲೂ ರಾತ್ರಿ ಮನುಷ್ಯರನ್ನು ಕ್ಯಾಮೆರಾಕ್ಕೆ ಒಡ್ಡಿದವನೇ, ಹಾಡುವವರ ಮುಖ ನೋಡಬೇಡಿ ಎಂದು ತೀರ್ಪುಗಾರರ ಕುರ್ಚಿಗಳನ್ನು ಹಿಂದಕ್ಕೆ ತಿರುಗಿಸಿಟ್ಟ! 2011ರಲ್ಲಿ ಅಮೆರಿಕದ ಎನ್‌ಬಿಸಿ ಇದನ್ನು ಎತ್ತಿಕೊಂಡ ಮೇಲೆ ಆ ಕೆಂಪು ಕುರ್ಚಿಗಳು ಲೋಕವೆಲ್ಲ ಸುತ್ತಿದವು.

ಹಾಡಲು ಸಿಗುವುದು ಸುಮಾರು ಒಂದೂವರೆ ನಿಮಿಷ. ಅಷ್ಟರಲ್ಲಿ ದನಿ ಮೆಚ್ಚಿದ ತೀರ್ಪುಗಾರರು, ಅಂದರೆ ಕೋಚ್‌ಗಳು, ಬಟನ್ ಒತ್ತಿ ಕುರ್ಚಿ ತಿರುಗಿಸಿ ಹಾಡುವವರನ್ನು ತಮ್ಮ ತಂಡಕ್ಕೆ ಕರೆಯುತ್ತಾರೆ. ನಾನು ಗಮನಿಸುವುದು ಹಾಡುವವರಿಗಿಂತ ಹೆಚ್ಚಾಗಿ ಬಟನ್ ಮೇಲಿರುವ ಕೈಗಳನ್ನು. ಮೊದಲ ಸಾಲಿಗೇ ಒತ್ತಿದ ಕೋಚ್ ಕಂಠದ ನಾದಕ್ಕೆ ಸೋತವರು. ತಾರಸ್ಥಾಯಿಯವರೆಗೆ ಕಾದು ಒತ್ತುವವರು ಪರೀಕ್ಷಕರು. ಹಾಡಿನ ಏರು ಬರಲಿ, ಶ್ರುತಿ ನಿಲ್ಲುತ್ತದೋ ನೋಡೋಣ ಎನ್ನುವ ಜಾತಿ. ಪಕ್ಕದವರು ತಿರುಗಿದ್ದು ಕಂಡು ಒತ್ತುವವರೂ ಇದ್ದಾರೆ, ಅವರು ಕೇಳುತ್ತಿರುವುದು ಹಾಡನ್ನಲ್ಲ. ಮುಗಿಲು ಮುಟ್ಟುವಂತೆ ಕಿರುಚುವ ಕಂಠಕ್ಕೆ ಕುರ್ಚಿಗಳು ಥಟ್ಟನೆ ತಿರುಗುತ್ತವೆ. ಕೆಳಸ್ವರದಲ್ಲಿ ಮೆಲ್ಲಗೆ ಹಾಡುವವರು ಬರಿಗೈಯಲ್ಲಿ ಹೋಗುವುದೇ ಹೆಚ್ಚು. ಇದು ಈ ಸುತ್ತಿನ ದೊಡ್ಡ ಕೊರತೆ.

ಪೂರ್ತಿ ಕುರುಡೂ ಅಲ್ಲ ಅನ್ನಿ. ಕ್ಯಾಮೆರಾ ಮುಂದೆ ಬರುವ ಮೊದಲೇ ನಿರ್ಮಾಪಕರ ಜರಡಿಯಲ್ಲಿ ಸೋಸಿದ ಹಾಡುಗಾರರು ಇವರು. ಸಭಿಕರ ಕೇಕೆಯೂ ಕೋಚ್‌ಗಳ ಕಿವಿಗೆ ಬೀಳುತ್ತದೆ. ತಂಡದಲ್ಲಿ ಖಾಲಿ ಇರುವ ಜಾಗದ ಲೆಕ್ಕ ಬೇರೆ. 2017ರ ಅಮೆರಿಕದ ಸೀಸನ್ನಿನಲ್ಲಿ ಕ್ರಿಸ್ ಬ್ಲೂ ಎಂಬ ಹಾಡುಗಾರ ಕಟ್ಟಕಡೆಯವನಾಗಿ ವೇದಿಕೆಗೆ ಬಂದಾಗ ಜಾಗ ಉಳಿದಿದ್ದದ್ದು ಗಾಯಕಿ ಅಲಿಸಿಯಾ ಕೀಸ್ ತಂಡದಲ್ಲಿ ಮಾತ್ರ, ಅದೂ ಒಂದೇ. ಆಕೆ ಒತ್ತಿದಳು; ಆ ಸೀಸನ್ ಗೆದ್ದವನು ಅವನೇ.

ಕುರ್ಚಿ ತಿರುಗಿದ ಮೇಲಿನ ಕ್ಷಣವಂತೂ ಇನ್ನೂ ಸೊಗಸು. 2014ರಲ್ಲಿ ಇಟಲಿಯ ವೇದಿಕೆಯಲ್ಲಿ ಅಲಿಸಿಯಾ ಕೀಸ್‌ಳದೇ ಹಾಡೊಂದನ್ನು ಯಾರೋ ಹಾಡಿದರು. ನಾಲ್ವರು ಕೋಚ್‌ಗಳೂ ತಿರುಗಿ ನೋಡಿದರೆ ಎದುರಿಗೆ ನಿಂತವಳು ಸನ್ಯಾಸಿನಿಯ ಉಡುಪಿನ ಸಿಸ್ಟರ್ ಕ್ರಿಸ್ಟಿನಾ. ಅವರಲ್ಲೊಬ್ಬನಾದ, ಮೈತುಂಬ ಹಚ್ಚೆಯ ರ್‍ಯಾಪರ್ ಜೆ-ಆ್ಯಕ್ಸ್ ಕಣ್ಣೀರಾದ. ಆಕೆ ಆರಿಸಿಕೊಂಡದ್ದು ಅವನನ್ನೇ, ಗೆದ್ದದ್ದೂ ಆಕೆಯೇ. ಇಬ್ಬರು ಮೂವರು ತಿರುಗಿದರೆ ಪಾತ್ರಗಳೇ ಅದಲುಬದಲು: ಈಗ ಆಡಿಷನ್ ಕೊಡುವ ಸರದಿ ಕೋಚ್‌ಗಳದು. ಪ್ಲಾಟಿನಂ ಆಲ್ಬಮ್‌ಗಳ ಒಡೆಯರು ಹದಿಹರೆಯದ ಹುಡುಗಿಯೊಬ್ಬಳ ಮುಂದೆ ಕನ್ಯೆ ನೋಡಲು ಬಂದವರಂತೆ ತಮ್ಮ ಗುಣಗಾನ ಮಾಡಿಕೊಳ್ಳುತ್ತಾರೆ. 2018ರಲ್ಲಿ ಅಮೆರಿಕದವರು ‘ಬ್ಲಾಕ್’ ಬಟನ್ ತಂದು, ಒಬ್ಬ ಕೋಚ್ ಇನ್ನೊಬ್ಬರ ದಾರಿ ಕಟ್ಟುವಂತೆ ಮಾಡಿದರು. ತಮಾಷೆ ಹೆಚ್ಚಿತು, ಹಾಡುವವರ ಆಯ್ಕೆ ಕಿರಿದಾಯಿತು. ನನಗದು ಸೇರದು.

ಮುಖ ನೋಡದೆ ಕಂಠ ತೂಗುವುದು ನಮಗೆ ಹೊಸದಲ್ಲ. ಆಕಾಶವಾಣಿಯ ಆಡಿಷನ್ನಿನಲ್ಲಿ ಹಾಡುವವರು ಯಾರೆಂದು ತಿಳಿಯದಂತಿಟ್ಟು, ದನಿ ಕೇಳಿಯೇ ಬಿ, ಬಿ-ಹೈ, ಎ ಎಂದು ಗ್ರೇಡ್ ಕೊಡುವ ಪದ್ಧತಿ ಬಂದದ್ದು ಈ ಟಿವಿ ಷೋಗಿಂತ ಎಷ್ಟೋ ಮೊದಲು. ಅಲ್ಲಿ ಕುರ್ಚಿ ತಿರುಗುತ್ತಿರಲಿಲ್ಲ, ತಿಂಗಳುಗಟ್ಟಲೆ ಕಾದ ಮೇಲೆ ಒಂದು ಪತ್ರ ಬರುತ್ತಿತ್ತು.

ಹಾಗೆಂದು ಈ ಕುರ್ಚಿಗಳ ಮಾತೇ ಕೊನೆಯ ಮಾತೆಂದು ನಂಬಬೇಡಿ. 2014ರ ಅಮೆರಿಕದ ಸೀಸನ್ನಿನಲ್ಲಿ ಮಾರ್ಗನ್ ವಾಲನ್ ಎಂಬ ಹುಡುಗ ಹಾಡಿದಾಗ ತಿರುಗಿದ್ದು ಕೋಚ್‌ಗಳಲ್ಲಿ ಶಕೀರಾ ಮತ್ತು ಅಷರ್ ಇಬ್ಬರೇ. ಕಂಟ್ರಿ ಸಂಗೀತದವನೇ ಆದ ಕೋಚ್ ಬ್ಲೇಕ್ ಶೆಲ್ಟನ್ ಕೂತಲ್ಲಿಂದ ಅಲುಗಲಿಲ್ಲ. ಮುಂದೆ ಇನ್ನೊಬ್ಬ ಕೋಚ್ ಆಡಂ ಲೆವಿನ್ ತಂಡಕ್ಕೆ ಹೋದ ಹುಡುಗ ಫಿನಾಲೆ ತಲುಪುವ ಮೊದಲೇ ಮನೆಗೆ ಮರಳಿದ. 2023ರಲ್ಲಿ ಬಂದ ಅವನ ಆಲ್ಬಮ್ ಬಿಲ್‌ಬೋರ್ಡ್ ಪಟ್ಟಿಯ ತುದಿಯಲ್ಲಿ ಒಟ್ಟು 19 ವಾರ ಇತ್ತು. ಆ ಎತ್ತರ ಮುಟ್ಟಿದ ವಿಜೇತರು ಆ ವೇದಿಕೆಯಿಂದ ಇನ್ನೂ ಬಂದಿಲ್ಲ.