ತೋಪಿನ ಮುಂದೆ ನಿಲ್ಲುವ ಬಗೆ: ಹಳೆಯ ಬಂದೂಕುಗಳ ರಸಿಕರಿಗೊಂದು ಕೈಪಿಡಿ

1854ರಲ್ಲಿ ವಿಜಯಪುರದ (ಆಗಿನ ಬಿಜಾಪುರ) ಮಲಿಕ್-ಎ-ಮೈದಾನ್ ತೋಪು ಲಿಲಾವಿಗೆ ಬಂದಿತ್ತು. ಉಪಯೋಗಕ್ಕೆ ಬಾರದ ಸರಕಾರಿ ಸಾಮಾನನ್ನೆಲ್ಲ ಮಾರಿಬಿಡಬೇಕೆಂದು ಸಾತಾರಾದ ಕಮಿಷನರು ಹುಕುಂ ಮಾಡಿದ್ದರು. ಸುಮಾರು 55 ಟನ್ ತೂಕದ ಆ ಕಂಚಿನ ತೋಪಿಗೆ ಬಂದ ಅತಿ ಹೆಚ್ಚಿನ ಸವಾಲು 150 ರೂಪಾಯಿ. ಅಲ್ಲಿನ ಮಾಮಲೇದಾರರಿಗೆ ಇದು ಸರಿಬರಲಿಲ್ಲ. ಬೆಲೆ ತೀರ ಕಡಿಮೆ, ಜನರಿಗೂ ಈ ತೋಪಿನ ಮೇಲೆ ಭಕ್ತಿಯಿದೆ ಎಂದು ಅವರು ಮೇಲಧಿಕಾರಿಗೆ ಬರೆದರು. ಲಿಲಾವು ರದ್ದಾಯಿತು, ತೋಪು ಬುರುಜಿನ ಮೇಲೆಯೇ ಉಳಿಯಿತು.

ಸವಾಲು ಕೂಗಿದವರು ಲೋಹವನ್ನು ತೂಗಿದರು, ಮಾಮಲೇದಾರರು ತೋಪನ್ನು ನೋಡಿದರು. ಹಳೆಯ ಬಂದೂಕು ಕೊಳ್ಳಬೇಕು, ನಾಲ್ಕು ವರ್ಷ ಇಟ್ಟು ಲಾಭ ಮಾಡಬೇಕು ಎಂದು ಹೊರಟವರಿಗೆ ಮೊದಲು ಹೇಳಬೇಕಾದದ್ದು ಇದನ್ನೇ. ಇಂಥ ವಸ್ತುವಿನ ಬೆಲೆ ಕಬ್ಬಿಣದಲ್ಲೂ ಇಲ್ಲ, ಬರೀ ವಯಸ್ಸಿನಲ್ಲೂ ಇಲ್ಲ. ಯಾರು ಮಾಡಿದರು, ಯಾವಾಗ, ಎಲ್ಲಿತ್ತು, ಯಾರ ಕೈ ದಾಟಿ ಬಂತು ಎಂಬುದಕ್ಕೆಲ್ಲ ಅದು ಸಾಕ್ಷಿ ಹೇಳಬೇಕು. ಆ ಸಾಕ್ಷಿಯನ್ನು ಓದಲು ಕಲಿಯುವುದಕ್ಕೆ ಲಂಡನ್ನಿನ ಹರಾಜು ಮನೆಗೆ ಹೋಗಬೇಕಾಗಿಲ್ಲ. ಬೀದರ್ ಕೋಟೆಯಲ್ಲಿ ಶುರುಮಾಡಬಹುದು.

ಮೊದಲು ಬುರುಜು, ಆಮೇಲೆ ತೋಪು

ಬಹಮನಿ ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಬೀದರಿಗೆ ತಂದು 15ನೆಯ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ ಈ ಕೋಟೆಗೆ 37 ಬುರುಜುಗಳು. ಹಲವು ಬುರುಜುಗಳ ಮೇಲೆ ಇಂದಿಗೂ ತೋಪುಗಳಿವೆ. ಮುಂಡಾ ಬುರುಜಿನ ಮೇಲಿರುವ ದೊಡ್ಡ ತೋಪು ಎಲ್ಲಕ್ಕಿಂತ ಹೆಸರುವಾಸಿ. ಹೊಸಬರು ನೇರ ತೋಪಿನ ಹತ್ತಿರ ಓಡಿ ಫೋಟೊ ತೆಗೆಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಬುರುಜಿನ ಅಂಚಿಗೆ ಹೋಗಿ ಹೊರಗೆ ನೋಡಿ: ಈ ತೋಪು ಯಾವ ದಾರಿಯನ್ನು ಕಾಯುತ್ತಿತ್ತು? ಶತ್ರು ಬರಬಹುದಾದ ಬಯಲು ಎಲ್ಲಿದೆ, ಕಂದಕ ಎಲ್ಲಿದೆ? ತಿರುಗಿ ಬಂದು ತೋಪು ಕೂತ ನೆಲವನ್ನು ನೋಡಿ. ದಖನ್ನಿನ ಬುರುಜುಗಳಲ್ಲಿ ದೊಡ್ಡ ತೋಪನ್ನು ನಡುವಿನ ಗೂಟದ ಮೇಲೆ ಸುತ್ತಲೂ ತಿರುಗುವಂತೆ ಕೂರಿಸುತ್ತಿದ್ದರು. ಹಾರಿಸಿದಾಗ ಹಿಂದಕ್ಕೆ ಒದೆಯುವ ಪೆಟ್ಟನ್ನು ತಾಳಲು ಬೆನ್ನಿಗೆ ಗೋಡೆ ಕಟ್ಟುವುದೂ ಇತ್ತು. ಬುರುಜನ್ನು ಹೀಗೆ ತೋಪಿಗಾಗಿಯೇ ಕಟ್ಟುವ ರೂಢಿ ದಖನ್ನಿನಲ್ಲಿ 16ನೆಯ ಶತಮಾನದ ನಡುವೆ ಬೆಳೆಯಿತೆಂದು ಇತಿಹಾಸಕಾರರಾದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ತೋರಿಸಿದ್ದಾರೆ.

ತೋಪಿದ್ದರೆ ಕೋಟೆ ಗೆಲ್ಲಲಾಗದು ಎಂದೇನಿಲ್ಲ. 1657ರಲ್ಲಿ ಔರಂಗಜೇಬನ ಸೈನ್ಯ ಬೀದರಿಗೆ ಮುತ್ತಿಗೆ ಹಾಕಿದಾಗ ಬಿಜಾಪುರದವರ ಪರವಾಗಿ ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಮೊಗಲರ ಬೆಂಕಿಬಾಣವೊಂದರ ಕಿಡಿ ಬುರುಜಿನ ಮದ್ದಿಗೆ ತಗುಲಿ ಸಿಡಿಯಿತು. ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ. 27 ದಿನಗಳಲ್ಲಿ ಕೋಟೆ ಬಿತ್ತು. ಗೆದ್ದವರಿಗೆ ಸಿಕ್ಕ ತೋಪುಗಳು 230 ಎಂದು ಮೊಗಲ್ ದಾಖಲೆಗಳ ಲೆಕ್ಕ. ಮದ್ದಿನ ಮನೆ ಎಲ್ಲಿತ್ತು, ತೋಪಿಗೆ ಎಷ್ಟು ದೂರ ಎಂದು ಹುಡುಕುವ ಅಭ್ಯಾಸ ಮಾಡಿಕೊಂಡರೆ ಇಂಥ ಕಥೆಗಳು ಕಣ್ಣಿಗೆ ಕಟ್ಟುತ್ತವೆ.

ಬಾಯಿಂದ ಬಾಲದವರೆಗೆ

ಈಗ ತೋಪಿನ ಹತ್ತಿರ ಬನ್ನಿ. ನೋಡುವುದಕ್ಕೊಂದು ಕ್ರಮವಿರಲಿ.

ಮೊದಲು ಬಾಯಿ. ಬಾಯಿಯ ಅಂಚು ಒಂದೇ ಎರಕದಂತೆ ಸಪಾಟಾಗಿದೆಯೇ, ಅಥವಾ ಕಿತ್ತಳೆಯ ತೊಳೆಗಳ ಹಾಗೆ ಪಟ್ಟಿ ಪಟ್ಟಿಯಾಗಿದೆಯೇ? ಪಟ್ಟಿಗಳು ಕಂಡರೆ ಅದು ಕಮ್ಮಾರಿಕೆಯ ತೋಪು. ಉದ್ದನೆಯ ಕಬ್ಬಿಣದ ಪಟ್ಟಿಗಳನ್ನು ಸುತ್ತಲೂ ಜೋಡಿಸಿ, ಕಾಸಿದ ಬಳೆಗಳನ್ನು ಒಂದರ ಪಕ್ಕ ಒಂದು ತೊಡಿಸುತ್ತಾರೆ. ಬಳೆ ಆರುತ್ತ ಕುಗ್ಗಿ ಪಟ್ಟಿಗಳನ್ನು ಬಿಗಿಹಿಡಿಯುತ್ತದೆ. ಬಂಡಿಯ ಗಾಲಿಗೆ ಹಳಿ ಹಾಕುವುದನ್ನು ಕಂಡವರಿಗೆ ಈ ಕೆಲಸ ಹೊಸದಲ್ಲ. ಬೆರಳಾಡಿಸಿದರೆ ಬಳೆಯ ಏರು, ನಡುವಿನ ತಗ್ಗು ಕೈಗೆ ಸಿಗುತ್ತವೆ. ಚೆನ್ನಾಗಿ ಮಾಡಿದ ತೋಪಿನಲ್ಲಿ ಆ ಸಂದುಗಳೂ ತಿಕ್ಕಿ ನುಣುಪಾಗಿರುತ್ತವೆ. ಮಲಿಕ್-ಎ-ಮೈದಾನ್ ಇದಕ್ಕೆ ಪೂರ್ತಿ ಬೇರೆ: ಅದು ಎರಕದ ಕಂಚು, ಬಾಯಿಯೇ ಆನೆಯನ್ನು ನುಂಗುವ ಮೃಗದ ಮುಖ.

ಎರಡನೆಯದು ಹೊಟ್ಟೆ. ಗುಂಡು ಕೂಡುವ ಕೊಳವೆ ಅಗಲ, ಅದರ ಹಿಂದೆ ಮದ್ದು ತುಂಬುವ ಅರೆ ಅದಕ್ಕಿಂತ ಸಣ್ಣದು. ಮದ್ದಿನ ಜೋರು ತಡೆಯಲು ಹಿಂಭಾಗವನ್ನು ದಪ್ಪಗೆ ಕಟ್ಟಿರುತ್ತಾರೆ. ಮೂರನೆಯದು ಕಿವಿ, ಅಂದರೆ ಮದ್ದಿಗೆ ಬೆಂಕಿ ಮುಟ್ಟಿಸುವ ತೂತು. ಅದು ತಿಂದು ಅಗಲವಾಗಿದ್ದರೆ ತೋಪು ಬಹಳ ಸಲ ಹಾರಿದೆ ಎಂದರ್ಥ. ಅದಕ್ಕೆ ಮೊಳೆ ಹೊಡೆದು ಮುಚ್ಚಿದ್ದರೆ, ಸೋತ ಸೈನ್ಯವೋ ಗೆದ್ದ ಸೈನ್ಯವೋ ಅದನ್ನು ಕೆಲಸಕ್ಕೆ ಬಾರದಂತೆ ಮಾಡಿ ಹೋಗಿದೆ.

ಕೊನೆಗೆ ಬರಹ. ದಖನ್ನಿನ ತೋಪುಗಳ ಮೇಲೆ ಪಾರಸಿ-ಅರಬ್ಬಿ ಅಕ್ಷರಗಳಲ್ಲಿ ತೋಪಿನ ಹೆಸರು, ಸುಲ್ತಾನನ ಹೆಸರು, ಕೆಲವೊಮ್ಮೆ ಮಾಡಿದವನ ಹೆಸರು, ಇಸವಿ ಸಿಗುತ್ತವೆ. ಬೀದರಿನ ತೋಪುಗಳ ಶಾಸನಗಳನ್ನು ಗುಲಾಂ ಯಜ್ದಾನಿ 1947ರ ತಮ್ಮ ಪುಸ್ತಕದಲ್ಲಿ ಓದಿ ಕೊಟ್ಟಿದ್ದಾರೆ. ಹಿಜರಿ ವರ್ಷವನ್ನು ಕ್ರಿಸ್ತಶಕಕ್ಕೆ ತರಲು 0.97ರಿಂದ ಗುಣಿಸಿ 622 ಕೂಡಿಸಿ. ಮಲಿಕ್-ಎ-ಮೈದಾನ್ ಮೇಲಿನ 956 ಹೀಗೆ 1549 ಆಗುತ್ತದೆ. ಅದನ್ನು ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅದೇ ತೋಪಿನ ಮೇಲೆ ಬಿಜಾಪುರ ಗೆದ್ದ ಔರಂಗಜೇಬನೂ ತನ್ನ ಬರಹ ಕೆತ್ತಿಸಿದ. ಒಂದೇ ಲೋಹದ ಮೇಲೆ ಒಡೆತನದ ಎರಡು ದಾಖಲೆ. ರಸಿಕನಿಗೆ ಇದಕ್ಕಿಂತ ಹಬ್ಬ ಬೇಕೆ?

ಬೀದರ್ ಮುಗಿದ ಮೇಲೆ ಭಾಲ್ಕಿಗೆ ಹೋಗಿ ಊರೊಳಗಿನ ಕೋಟೆಯ ಗೋಡೆಯಲ್ಲಿ ಕಿಂಡಿಗಳನ್ನು ಹುಡುಕಿ. ಕಿಂಡಿಯ ಅಗಲ, ಓರೆ ನೋಡಿದರೆ ಒಳಗೆ ನಿಂತವನ ಕೈಯಲ್ಲಿ ಬಂದೂಕಿತ್ತೋ ತೋಪಿತ್ತೋ ಎಂದು ಊಹಿಸಬಹುದು. ಔರಾದಿನಿಂದ ಕಮಲನಗರದ ದಾರಿ ಹಿಡಿದು ಗಡಿ ದಾಟಿದರೆ ಉದಗೀರ. 1760ರಲ್ಲಿ ಅಲ್ಲಿ ನಿಜಾಮನ ಸೈನ್ಯವನ್ನು ಮರಾಠರು ಸೋಲಿಸಿದ್ದು ಇಬ್ರಾಹಿಂ ಖಾನ್ ಗಾರ್ದಿಯ ತೋಪಖಾನೆಯ ಬಲದಿಂದ. ಅವು ಗಾಲಿಯ ಮೇಲೆ ಓಡಾಡುವ ತೋಪುಗಳು. ಕೂತಲ್ಲೇ ಕೂತ ಬುರುಜಿನ ತೋಪಿಗೂ ಬಯಲಿಗೆ ಹೊರಟ ತೋಪಿಗೂ ನಡುವಿನ ಇನ್ನೂರು ವರ್ಷಗಳ ಬದಲಾವಣೆಯನ್ನು ಈ ಒಂದು ಜಿಲ್ಲೆಯ ಆಸುಪಾಸಿನಲ್ಲೇ ನೋಡಬಹುದು.

ಹೆಗಲ ಬಂದೂಕಿನ ವಂಶಾವಳಿ

ಹೆಗಲಿಗೇರುವ ಬಂದೂಕಿನ ವಯಸ್ಸು ಗೊತ್ತಾಗುವುದು ಅದರ ಕುದುರೆಯಲ್ಲಿ. ಉರಿಯುವ ಬತ್ತಿಯನ್ನು ಕಚ್ಚಿ ಹಿಡಿಯುವ ಸೀಳು ನಾಲಿಗೆಯಿದ್ದರೆ ಅದು ಬತ್ತಿಯ ಬಂದೂಕು, ನಮ್ಮಲ್ಲಿ ತೋಡೇದಾರ್ ಎಂದೂ ಕರೆಯುತ್ತಿದ್ದರು. ಚಕಮಕಿ ಕಲ್ಲನ್ನು ಕಚ್ಚುವ ದವಡೆಯಿದ್ದರೆ ಚಕಮಕಿಯ ಬಂದೂಕು. ಕುದುರೆ ಬರೀ ಸುತ್ತಿಗೆಯಂತಿದ್ದು ಕೆಳಗೆ ಮೊಲೆತೊಟ್ಟಿನಂಥ ಕೊಳವೆಯಿದ್ದರೆ ಕೇಪಿನ ಬಂದೂಕು. ನಳಿಗೆಯ ಬುಡ ತೆರೆದು ತೋಟೆ ತುಂಬುವಂತಿದ್ದರೆ ಅದು 19ನೆಯ ಶತಮಾನದ ಉತ್ತರಾರ್ಧದ್ದು ಅಥವಾ ಅದಕ್ಕಿಂತ ಈಚಿನದು. ಆದರೆ ಬತ್ತಿಯ ಬಂದೂಕು ಕಂಡಕೂಡಲೆ 'ಬಹಮನಿ ಕಾಲದ್ದು' ಎನ್ನಬೇಡಿ. ಭಾರತದಲ್ಲಿ ಅವನ್ನು 19ನೆಯ ಶತಮಾನದಲ್ಲೂ ಮಾಡುತ್ತಿದ್ದರು. ಮನೆ ಅಲಂಕಾರಕ್ಕೆಂದು ಇಂದಿಗೂ ಮಾಡಿ, ಹುಳಿ ಹಚ್ಚಿ ತುಕ್ಕು ಬರಿಸಿ ಮಾರುತ್ತಾರೆ.

ನಕಲಿ ಹಿಡಿಯಲು ಸವೆತ ನೋಡಿ. ನಿಜವಾಗಿ ಬಳಸಿದ ಬಂದೂಕು ಕೈ ಆಡುವ ಕಡೆ ಮಾತ್ರ ನುಣುಪಾಗಿರುತ್ತದೆ: ಮರದ ಹಿಡಿಯ ಕುತ್ತಿಗೆ, ಕೆನ್ನೆ ಒರಗುವ ಜಾಗ, ಕುದುರೆಯ ತಲೆ. ಮೂಲೆ ಮೂಲೆಗೂ ಒಂದೇ ತರಹ ಹಳತಾಗಿ ಕಂಡರೆ ಆ ಹಳತನ ಮೊನ್ನೆಯದು.

ಸೈನ್ಯದ ರೈಫಲ್ಲುಗಳಲ್ಲಿ ನಮ್ಮವರಿಗೆ ಪರಿಚಯವಿರುವುದು ತ್ರೀ ನಾಟ್ ತ್ರೀ, ಅಂದರೆ .303 ಲೀ-ಎನ್‌ಫೀಲ್ಡ್. ಎನ್‌ಸಿಸಿಯಲ್ಲಿ ಕವಾಯತು ಮಾಡಿದವರು ಅದನ್ನು ಹೆಗಲ ಮೇಲೆ ಹೊತ್ತಿರುತ್ತಾರೆ. ಅವು 'ಡಿಪಿ' ಎಂದು ಗುರುತು ಹಾಕಿ, ಗುಂಡು ಹಾರದಂತೆ ಮಾಡಿದ ಕವಾಯತಿನ ರೈಫಲ್ಲುಗಳು. ಮುಂದಿನ ಸಲ ಸಿಕ್ಕರೆ ಬೋಲ್ಟಿನ ಹಿಂದೆ, ಮರದ ಹಿಡಿ ಶುರುವಾಗುವಲ್ಲಿನ ಲೋಹದ ಪಟ್ಟಿಯನ್ನು ಓದಿ. 'ಆರ್‌ಎಫ್‌ಐ' ಎಂದಿದ್ದರೆ ಬಂಗಾಳದ ಈಶಾಪುರದ ಕಾರ್ಖಾನೆಯದು. ಕಿರೀಟದ ಜೊತೆ 'ಜಿಆರ್‌ಐ' ಎಂದಿದ್ದರೆ ಬ್ರಿಟಿಷ್ ರಾಜನ ಕಾಲದ್ದು, ಅಶೋಕನ ಸಿಂಹವಿದ್ದರೆ ಸ್ವಾತಂತ್ರ್ಯದ ಆಮೇಲಿನದು. ನಳಿಗೆಯ ಬುಡದ ನಂಬರೂ ಬೋಲ್ಟಿನ ನಂಬರೂ ಒಂದೇ ಆಗಿದ್ದರೆ ಎರಡೂ ಹುಟ್ಟಿನಿಂದ ಜೋಡಿ. ಹೊರದೇಶದ ಸಂಗ್ರಾಹಕರು ಈ ಜೋಡಿಗೇ ಹೆಚ್ಚು ಹಣ ಕೊಡುತ್ತಾರೆ.

ಕಾನೂನು: ಇಲ್ಲಿ ತಮಾಷೆ ಇಲ್ಲ

ಹೊರದೇಶದಂತೆ ನಮ್ಮಲ್ಲಿ ಸೈನ್ಯದ ಹಳೆಯ ರೈಫಲ್ಲನ್ನು ಹರಾಜಿನಲ್ಲಿ ಕೂಗಿ ಮನೆಗೆ ತರಲಾಗದು. .303 ನಿಷೇಧಿತ ಬೋರಿನದು. ಜಿಲ್ಲಾಧಿಕಾರಿ ಕಚೇರಿಯಿಂದ ಸಾಮಾನ್ಯರಿಗೆ ಅದರ ಲೈಸೆನ್ಸ್ ಸಿಗುವುದಿಲ್ಲ. ಉಳಿದ ಬಂದೂಕುಗಳಿಗೂ 1959ರ ಆಯುಧ ಕಾಯಿದೆಯಡಿ ಲೈಸೆನ್ಸ್ ಬೇಕು. 2019ರ ತಿದ್ದುಪಡಿಯಿಂದ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಮಿತಿ ಮೂರರಿಂದ ಎರಡಕ್ಕೆ ಇಳಿಯಿತು. ಪಿತ್ರಾರ್ಜಿತ ಬಂದೂಕಿಗೂ ಅದೇ ಮಿತಿ. ಹಳೆಯ ಮಾದರಿಯ ಅಥವಾ ಪ್ರಾಚೀನ ಮೌಲ್ಯದ, ದುರಸ್ತಿ ಮಾಡಿದರೂ ಹಾರದ ಆಯುಧಕ್ಕೆ ಕಾಯಿದೆಯ 45ನೆಯ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಆದರೆ ಅದು ಹಾರುವುದಿಲ್ಲ ಎಂದು ತೀರ್ಮಾನಿಸುವವರು ನೀವೂ ಅಲ್ಲ, ಮಾರುವವನೂ ಅಲ್ಲ. ಪೊಲೀಸರಿಂದ ಲಿಖಿತ ಪತ್ರ ಪಡೆದ ಮೇಲೆಯೇ ಮುಂದಿನ ಮಾತು.

ನೂರು ವರ್ಷ ದಾಟಿದ ವಸ್ತು 1972ರ ಪ್ರಾಚೀನ ವಸ್ತು ಕಾಯಿದೆಗೂ ಒಳಪಡುತ್ತದೆ. ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ, ವ್ಯಾಪಾರ ಮಾಡುವವರಿಗೆ ಪುರಾತತ್ವ ಇಲಾಖೆಯ ಲೈಸೆನ್ಸ್ ಬೇಕು. ಹೊಲ ಉಳುವಾಗ ಬೆಲೆಬಾಳುವ ಹಳೆಯ ವಸ್ತು ಎದ್ದರೆ ನಿಧಿ ಕಾನೂನಿನಂತೆ ಅಧಿಕಾರಿಗಳಿಗೆ ತಿಳಿಸಬೇಕು. ಕೋಟೆಯೊಳಗಿನ ಒಂದು ಗುಂಡು, ಒಂದು ಬಳೆಯ ಚೂರು ಕೂಡ ಚೀಲಕ್ಕೆ ಹೋಗಬಾರದು.

ಕಾಗದವೇ ಅರ್ಧ ಬೆಲೆ

ಟಿಪ್ಪುವಿನ ಆಯುಧಗಳ ಹರಾಜನ್ನು ನೋಡಿ. 2015ರಲ್ಲಿ ಲಂಡನ್ನಿನ ಬಾನ್‌ಹ್ಯಾಮ್ಸ್‌ನಲ್ಲಿ ಶ್ರೀರಂಗಪಟ್ಟಣದ ಸಣ್ಣ ಕಂಚಿನ ತೋಪೊಂದು ಸುಮಾರು 14 ಲಕ್ಷ ಪೌಂಡಿಗೆ ಹೋಯಿತು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ಉಳಿದಿದ್ದ ಬೆಳ್ಳಿ ಕಟ್ಟಿನ ಚಕಮಕಿ ಬಂದೂಕು 60 ಸಾವಿರ ಪೌಂಡ್ ತಂದಿತು. ಅದೇ ಕಾಲದ ಹೆಸರಿಲ್ಲದ ಬಂದೂಕಿಗೆ ಅದರ ಚೂರೂ ಬಾರದು. ಟಿಪ್ಪುವಿನ ಬಂದೂಕಿನ ಮೇಲೆ ಹುಲಿಪಟ್ಟೆ, ಊರಿನ ಹೆಸರು, ಅವನೇ ತಂದ ಮೌಲೂದಿ ಶಕೆಯ ವರ್ಷ ಇರುತ್ತವೆ. ಆ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ತಿಳಿಯದವರು ತಿರುಗಾಮುರುಗಾ ಓದುತ್ತಾರೆ. ಗುರುತಿನ ಜೊತೆಗೆ, ಶ್ರೀರಂಗಪಟ್ಟಣ ಬಿದ್ದ 1799ರಿಂದ ಇಂದಿನವರೆಗೆ ಯಾರ ಮನೆಯಲ್ಲಿತ್ತು ಎಂಬ ಸರಪಳಿ ಕಡಿಯದೆ ಇರಬೇಕು. ಬೆಲೆ ಏರುವುದು ಅಲ್ಲಿ.

ಬೀದರ್ ಜಿಲ್ಲೆಯ ಹಳೆಯ ವಾಡೆಗಳಲ್ಲಿ, ದಸರೆಯ ಆಯುಧ ಪೂಜೆಗೆ ಕೆಳಗಿಳಿಯುವ ಬಂದೂಕಿದ್ದರೆ, ನೋಡಬೇಕಾದದ್ದು ಅದರ ಪಕ್ಕದ ಟ್ರಂಕನ್ನು. ನಿಜಾಮರ ಕಾಲದ ಉರ್ದು ಪರವಾನಿಗೆ ಕಾಗದ ಸಿಕ್ಕರೆ ಅದರ ಫಸಲಿ ವರ್ಷಕ್ಕೆ 590 ಕೂಡಿಸಿ. 1357 ಫಸಲಿ ಎಂದರೆ 1947-48. ಹೈದರಾಬಾದಿನಲ್ಲಿ ನಿಜಾಮರ ಆಳ್ವಿಕೆಯ ಆ ಕೊನೆಯ ವರ್ಷ ಬಂದೂಕಿನ ವರ್ಷವೇ. ಆಸ್ಟ್ರೇಲಿಯಾದ ಸಿಡ್ನಿ ಕಾಟನ್ ಕರಾಚಿಯಿಂದ ವಿಮಾನದಲ್ಲಿ ನಿಜಾಮನಿಗೆ ಕಳ್ಳತನದಲ್ಲಿ ಶಸ್ತ್ರ ತರುತ್ತಿದ್ದ, ಹಳ್ಳಿಗಳಲ್ಲಿ ನಿಜಾಮನ ಪರವಾಗಿ ಆಯುಧ ಹಿಡಿದ ರಜಾಕಾರರ ಹಾವಳಿ ಇತ್ತು, 1948ರ ಸೆಪ್ಟೆಂಬರ್ 17ರಂದು ಭಾರತದ ಸೈನ್ಯ ಬೀದರನ್ನು ಹೊಕ್ಕಿತು. ಹಾಗಾಗಿ 'ಇದು ರಜಾಕಾರರ ಬಂದೂಕು' ಎಂದು ಹೇಳಿ ಮಾರಲು ಬರುವವರಿದ್ದಾರೆ. ಕಾಗದವಿಲ್ಲದ ಆ ಕಥೆಗೆ ಬೆಲೆಯಿಲ್ಲ, ಕಾಗದವಿಲ್ಲದ ಆ ಬಂದೂಕಿಗೆ ಪೊಲೀಸ್ ಕೇಸಿದೆ.

ಹಣ ಹೂಡಲೇಬೇಕೆಂದರೆ

ಲೋಹದ ಮೇಲೆ ಕಣ್ಣು ಪಳಗಿತು, ಕೈಯಲ್ಲಿ ಸ್ವಲ್ಪ ದುಡ್ಡೂ ಇದೆ ಎಂದರೆ ಬೀದರಿನವರಿಗೆ ಬಿದ್ರಿ ಇದೆ. ಹುಕ್ಕಾದ ತಳ, ಪಾನ್‌ದಾನ್, ಹೂಜಿ ಇವು ಜಗತ್ತಿನ ದೊಡ್ಡ ಹರಾಜುಗಳಲ್ಲಿ ತೋಪುಗಳ ಜೊತೆಯಲ್ಲೇ ಬರುತ್ತವೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಎರಕ, ಬೆಳ್ಳಿಯ ತಂತಿ ಅಥವಾ ತಗಡಿನ ಕೂಡಿಕೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಕುದಿಸಿ ಬರಿಸಿದ ಕಪ್ಪು. ತೋಪಿಗೆ ಕಲಿತ ಕಣ್ಣೇ ಇಲ್ಲೂ ಸಾಕು: ಕೈ ಆಡುವ ಕಡೆ ಬೆಳ್ಳಿ ಸವೆದಿದೆಯೇ, ತಂತಿ ಕೂತ ತಗ್ಗು ಉಳಿಯಿಂದ ಕೊರೆದದ್ದೇ, ಕಪ್ಪು ಬಣ್ಣ ಬಳಿದದ್ದೇ ಅಥವಾ ಲೋಹದಲ್ಲೇ ಕೂತದ್ದೇ. ಇದಕ್ಕೆ ಬಂದೂಕಿನ ಲೈಸೆನ್ಸೂ ಬೇಡ. ಹೊಸದನ್ನು ಕೊಂಡರೆ ಕಸುಬುದಾರರ ಮನೆಗೂ ನಾಲ್ಕು ಕಾಸು ಸೇರುತ್ತದೆ.

ಬಂದೂಕೇ ಬೇಕೆಂಬ ಹಟವಿದ್ದರೆ ಕ್ರಮ ಇಷ್ಟು: ಮೊದಲ ವರ್ಷ ಕೊಳ್ಳಬೇಡಿ, ನೋಡಿ. ನೋಡಿದ್ದರ ಬಾಯಿ, ಹೊಟ್ಟೆ, ಕಿವಿ, ಬರಹವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಎರಡನೆಯ ವರ್ಷ ಕಾಗದ ಓದಲು ಕಲಿಯಿರಿ, ಉರ್ದು ಬಲ್ಲ ಹಿರಿಯರ ಹತ್ತಿರ ಕೂತು. ಅಷ್ಟಾದ ಮೇಲೂ ಕೊಳ್ಳುವ ಮನಸ್ಸಾದರೆ ವಸ್ತುವಿನ ಮುಂದೆ ನಿಂತು ಕೇಳಿ: ಇದನ್ನು ಅದರ ಜಾಗದಿಂದ ತೆಗೆದರೆ ಇದರಲ್ಲಿ ಏನು ಉಳಿಯುತ್ತದೆ? ಉತ್ತರ ಬರೀ ಕಬ್ಬಿಣ ಎಂದಾದರೆ ಸವಾಲು ಕೂಗಬೇಡಿ. ಸಂಬಂಧಪಟ್ಟ ಕಚೇರಿಗೆ ಒಂದು ಅರ್ಜಿ ಬರೆಯಿರಿ, ಅದು ಇದ್ದಲ್ಲೇ ಇರುವ ಹಾಗೆ ನೋಡಿಕೊಳ್ಳಿ.