ಮೆರ್‌ಲಯನ್ ಮುಂದೆ ನಾಲ್ಕನೇ ಕ್ಲಾಸು

ಬೆಂಗಳೂರಿನ ಹಲವು ಖಾಸಗಿ ಶಾಲೆಗಳಿಂದ ವರ್ಷಕ್ಕೊಮ್ಮೆ ಮನೆಗೆ ಒಂದು ಹೊಳಪಿನ ಹಾಳೆ ಬರುತ್ತದೆ. ಮಗುವಿನ ಡೈರಿಯೊಳಗೆ ಮಡಿಸಿಟ್ಟ ಸರ್ಕ್ಯುಲರಿನ ಜೊತೆಗೆ, ಇಲ್ಲವೇ ಪೇರೆಂಟ್ಸ್ ಗ್ರೂಪಿನಲ್ಲಿ ಪಿಡಿಎಫ್ ಆಗಿ. ಅಂತಾರಾಷ್ಟ್ರೀಯ ಶೈಕ್ಷಣಿಕ ಪ್ರವಾಸ, ಸಿಂಗಪುರ, ನಾಲ್ಕು ರಾತ್ರಿ ಐದು ಹಗಲು, ಮೂರನೇ ತರಗತಿಯಿಂದ ಏಳನೆಯವರೆಗಿನ ಮಕ್ಕಳಿಗೆ. ತಲೆಗೆ ಲಕ್ಷ ರೂಪಾಯಿ ದಾಟುವ ಮೊತ್ತ, ಕಂತಿನಲ್ಲಿ ಕಟ್ಟಬಹುದು, ವೀಸಾ ಅದರಲ್ಲೇ ಸೇರಿದೆ. ನಾಲ್ಕಾರು ಶಾಲೆಗಳ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಮೇಲಿನ ಲಾಂಛನ ಬಿಟ್ಟು ಹೆಚ್ಚೇನೂ ಬದಲಾಗಿರುವುದಿಲ್ಲ. ಬದಲಾಗುವುದಾದರೂ ಹೇಗೆ? ಬರೆದವರು ಟ್ರಾವೆಲ್ಸ್‌ನವರು, ಸಹಿ ಹಾಕಿದವರು ಪ್ರಿನ್ಸಿಪಾಲರು. ಶೈಕ್ಷಣಿಕ ಎಂಬ ಮಾತನ್ನು ತಲೆಬರಹದಲ್ಲೇ ಹೊತ್ತು ಬಂದಿರುವುದರಿಂದ ಆ ಹಾಳೆಯನ್ನು ಪಾಠದ ಟಿಪ್ಪಣಿಯೆಂದೇ ತೂಗಿ ನೋಡುವುದು ನ್ಯಾಯ.

ಮೊದಲ ದಿನ ಮೆರ್‌ಲಯನ್ ಪಾರ್ಕ್, ಗಾರ್ಡನ್ಸ್ ಬೈ ದ ಬೇ. ಎರಡನೇ ದಿನವಿಡೀ ಯೂನಿವರ್ಸಲ್ ಸ್ಟುಡಿಯೋಸ್. ಮೂರನೇ ದಿನ ಸೆಂಟೋಸಾ, ಕೇಬಲ್ ಕಾರು, ಅಕ್ವೇರಿಯಂ. ನಾಲ್ಕನೇ ದಿನ ಬೆಳಿಗ್ಗೆ ಸೈನ್ಸ್ ಸೆಂಟರ್, ಮಧ್ಯಾಹ್ನ ಶಾಪಿಂಗ್. ಐದನೇ ದಿನ ಚಾಂಗಿ ವಿಮಾನ ನಿಲ್ದಾಣದ ಒಳಾಂಗಣ ಜಲಪಾತ, ಅಲ್ಲಿಂದ ವಿಮಾನ. ಐದು ದಿನದಲ್ಲಿ ಶಾಲೆಯ ಪಾಠಕ್ಕೆ ನೇರ ನಂಟಿರುವುದು ಒಂದು ಬೆಳಗಿನ ಎರಡು ಮೂರು ಗಂಟೆ. ಸೈನ್ಸ್ ಸೆಂಟರ್ ಒಳ್ಳೆಯದೇ, 1977ರಿಂದ ನಡೆದು ಬಂದ ಸಂಸ್ಥೆ. ಆದರೆ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಅದಕ್ಕಿಂತ ಹಳೆಯದು, ಮತ್ತು ಅಲ್ಲಿಗೆ ಪಾಸ್‌ಪೋರ್ಟ್ ಬೇಡ.

ಯೂನಿವರ್ಸಲ್ ಸ್ಟುಡಿಯೋಸ್ ಬಗ್ಗೆ ಮೂಗು ಮುರಿಯುವುದು ಸುಲಭ. ನನಗೆ ಹೆಚ್ಚು ಬೇಸರ ತರಿಸುವುದು ಮೊದಲ ದಿನದ ಮೆರ್‌ಲಯನ್. ಸಿಂಹದ ತಲೆ, ಮೀನಿನ ಮೈಯ ಆ ಬಿಳಿ ಪ್ರತಿಮೆಯ ಮುಂದೆ ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸಿ, ಬ್ಯಾನರ್ ಬಿಚ್ಚಿ, ಫೋಟೊ ತೆಗೆದು, ಇಪ್ಪತ್ತು ನಿಮಿಷದಲ್ಲಿ ಬಸ್ಸು ಹತ್ತಿಸುತ್ತಾರೆ. ಗೈಡ್ ಹೇಳುವುದು ಸಿಂಹ ಕಂಡ ರಾಜಕುಮಾರನ ಕಥೆ. ಆದರೆ ಈ ಪ್ರಾಣಿ ಪುರಾಣದಿಂದ ಬಂದದ್ದಲ್ಲ, 1964ರಲ್ಲಿ ಪ್ರವಾಸೋದ್ಯಮ ಮಂಡಳಿಗೆಂದು ಬರೆಸಿದ ಲಾಂಛನ. ಪ್ರತಿಮೆಯಾಗಿ ನಿಂತದ್ದು 1972ರಲ್ಲಿ. ಮುಂದೆ ಹೊಸ ಸೇತುವೆಯೊಂದು ಎದುರಿಗೆ ಬಂದು ನೋಟಕ್ಕೆ ಅಡ್ಡವಾಯಿತೆಂದು 2002ರಲ್ಲಿ ಎತ್ತಿ ಈಗಿನ ಜಾಗಕ್ಕೆ ತಂದರು. ಪ್ರವಾಸಿಗಳಿಗೆಂದೇ ಹುಟ್ಟಿಸಿದ ಪ್ರಾಣಿ ಎಂದು ಹೇಳಿದರೆ ಒಂಬತ್ತು ವರ್ಷದ ಮಗು ಕಣ್ಣರಳಿಸಿ ಕೇಳುತ್ತದೆ. ಒಂದು ಊರು ತನಗೆ ತಾನೇ ಗುರುತು ಮಾಡಿಕೊಳ್ಳುವುದು ಹೇಗೆ ಎಂಬ ಪಾಠ ಅಲ್ಲಿಂದಲೇ ಶುರುವಾಗಬಹುದಿತ್ತು.

ಇದಕ್ಕಿಂತ ದೊಡ್ಡ ಪಾಠ ಫೋಟೊದ ಹಿನ್ನೆಲೆಯಲ್ಲಿರುತ್ತದೆ. ಮೆರ್‌ಲಯನ್ ಬಾಯಿಂದ ನೀರು ಬೀಳುವ ಆ ಕೊಲ್ಲಿ ಒಂದು ಕಾಲಕ್ಕೆ ಕಡಲು. 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿ ಬಾಯಿ ಮುಚ್ಚಿದ ಮೇಲೆ ಉಪ್ಪು ಕಳೆದು ಈಗ ಅದೊಂದು ಸಿಹಿನೀರಿನ ಜಲಾಶಯ. ದ್ವೀಪದ ಸುಮಾರು ಆರನೇ ಒಂದು ಭಾಗದ ಮೇಲೆ ಬಿದ್ದ ಮಳೆ ಅಲ್ಲಿಗೆ ಹರಿದು ಬರುತ್ತದೆ. ಬೀದಿಯ ನೀರು, ಚಾವಣಿಯ ನೀರು, ಚರಂಡಿಯ ನೀರು, ಎಲ್ಲ. ನದಿಯೆಂದು ಕರೆಯಿಸಿಕೊಳ್ಳುವಂಥ ದೊಡ್ಡ ನದಿಯಿಲ್ಲದ ಆ ಪುಟ್ಟ ದೇಶ ಮಲೇಷ್ಯಾದ ಜೋಹೋರ್‌ನಿಂದ ನೀರು ತರಿಸಿಕೊಳ್ಳುತ್ತದೆ. ಅದಕ್ಕೆಂದು 1962ರಲ್ಲಿ ಮಾಡಿಕೊಂಡ ಒಪ್ಪಂದ 2061ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ತನ್ನ ಕಾಲ ಮೇಲೆ ನಿಲ್ಲಬೇಕೆಂದು ಮಳೆನೀರು ಹಿಡಿಯುವುದು, ಬಳಸಿದ ನೀರನ್ನು ಕುಡಿಯುವ ಮಟ್ಟಕ್ಕೆ ಶುದ್ಧೀಕರಿಸುವುದು, ಕಡಲ ನೀರಿನ ಉಪ್ಪು ತೆಗೆಯುವುದು, ಮೂರನ್ನೂ ಮಾಡುತ್ತಿದೆ. ಬ್ಯಾರೇಜಿನ ಮೇಲೆ ಹುಲ್ಲು ಹಾಸಿದ್ದಾರೆ, ಸಂಜೆ ಜನ ಗಾಳಿಪಟ ಹಾರಿಸುತ್ತಾರೆ. ಮೆರ್‌ಲಯನ್‌ನಿಂದ ಅಲ್ಲಿಗೆ ಬಸ್ಸಿನಲ್ಲಿ ಕೆಲವೇ ನಿಮಿಷ. ನಾನು ನೋಡಿದ ಒಂದು ಹಾಳೆಯಲ್ಲೂ ಅದರ ಹೆಸರಿಲ್ಲ.

ಈ ಪಾಠ ಬೇರೆ ಯಾರಿಗಿಂತ ಬೆಂಗಳೂರಿನ ಮಗುವಿಗೆ ಬೇಗ ಹತ್ತುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಟ್ಯಾಂಕರಿಗೆ ಕಾದದ್ದು ಅದಕ್ಕೆ ನೆನಪಿದೆ. ತನ್ನ ಮನೆಯ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಿನ ಬಲದಲ್ಲಿ ಮೇಲೇರಿ ಬರುತ್ತದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ. ತಾನು ಸ್ನಾನ ಮಾಡಿ ಬಿಟ್ಟ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಣೆಗೊಂಡು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ ಎಂಬುದೂ ಗೊತ್ತಿಲ್ಲ. ಆ ನೀರನ್ನು ಇನ್ನೂ ಒಂದು ಹಂತ ಶುದ್ಧೀಕರಿಸಬೇಕೆಂದು ಕೋಲಾರದ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಸಿಂಗಪುರ ಅದೇ ಕೆಲಸವನ್ನು ಕುಡಿಯುವ ಮಟ್ಟದವರೆಗೆ ಒಯ್ದಿದೆ. ಮೊದಲು ಒಂದು ಶನಿವಾರ ಕೋಲಾರದ ಕೆರೆ ತೋರಿಸಿ, ಆಮೇಲೆ ಮರೀನಾ ಬ್ಯಾರೇಜ್ ತೋರಿಸಿದ್ದರೆ ಅದನ್ನು ಶೈಕ್ಷಣಿಕ ಪ್ರವಾಸವೆಂದು ಒಪ್ಪಬಹುದಿತ್ತು. ಕೋಲಾರ ನೋಡದ ಮಗುವಿಗೆ ಬ್ಯಾರೇಜೂ ಇನ್ನೊಂದು ಪಿಕ್ನಿಕ್ ಜಾಗವೇ.

ಇನ್ನು ಊಟ. ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಇದೇ: ಮೂರೂ ಹೊತ್ತು ಭಾರತೀಯ ಊಟ, ಜೈನ ಊಟವೂ ಲಭ್ಯ. ಅಪ್ಪ ಅಮ್ಮಂದಿರ ಆತಂಕ ನನಗೆ ಅರ್ಥವಾಗುತ್ತದೆ. ಎಂಟು ವರ್ಷದ ಹುಡುಗ ಹೊಟ್ಟೆ ಕೆಡಿಸಿಕೊಂಡರೆ ಹೋಟೆಲಿನ ಕೋಣೆಯಲ್ಲಿ ರಾತ್ರಿಯಿಡೀ ಒದ್ದಾಡುವವರು ಪಾಪ, ಜೊತೆಗೆ ಹೋದ ಮಿಸ್ಸೇ. ಹಾಗಂತ ಐದು ದಿನವೂ ಲಿಟಲ್ ಇಂಡಿಯಾದ ಒಂದೇ ಹೋಟೆಲಿನಲ್ಲಿ ಪನೀರ್ ಬಟರ್ ಮಸಾಲಾ ತಿನ್ನಿಸಿ ಕರೆತಂದರೆ ಮಗು ಕಂಡದ್ದು ಯಾವ ದೇಶ? ಸಿಂಗಪುರದ ಹಾಕರ್ ಸೆಂಟರುಗಳ, ಅಂದರೆ ಸಾಲು ಸಾಲು ಮಳಿಗೆಗಳ ಸಾರ್ವಜನಿಕ ಊಟದ ಚಾವಡಿಗಳ, ಸಂಸ್ಕೃತಿ 2020ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಚೀನೀ ಅಜ್ಜ, ಮಲಯ್ ಹೆಂಗಸು, ತಮಿಳು ಟ್ಯಾಕ್ಸಿ ಚಾಲಕ ಒಂದೇ ಮೇಜಿಗೆ ಕೂರುವ ಜಾಗ ಈ ಚಾವಡಿ. ಸಸ್ಯಾಹಾರಿಗಳಿಗೂ ಅಲ್ಲಿ ಮಳಿಗೆಗಳಿರುತ್ತವೆ. ಉಂಡ ಮೇಲೆ ತಟ್ಟೆಯ ಟ್ರೇಯನ್ನು ತಾನೇ ಎತ್ತಿ ಕಟ್ಟೆಗೆ ಇಡಬೇಕು. 2021ರಿಂದ ಇದು ಕಾನೂನು, ಮತ್ತೆ ಮತ್ತೆ ತಪ್ಪಿದರೆ ದಂಡ. ಟ್ರೇ ಇಡಲು ಎರಡು ಬೇರೆ ಕಟ್ಟೆಗಳಿರುವುದೂ ಉಂಟು, ಹಲಾಲ್ ತಟ್ಟೆಗೊಂದು, ಉಳಿದವಕ್ಕೆ ಒಂದು. ಯಾವ ಕಟ್ಟೆಗೆ ಯಾವ ತಟ್ಟೆ, ಯಾಕೆ ಎಂದು ಒಂದು ಮಗು ಕೇಳಿದರೆ ಸಮಾಜಶಾಸ್ತ್ರದ ಅರ್ಧ ಪಾಠ ಅಲ್ಲೇ ಮುಗಿಯುತ್ತದೆ. ಮನೆಯಲ್ಲಿ ಉಂಡ ತಟ್ಟೆ ಎತ್ತದ ಮಗು ಅಲ್ಲಿ ತಟ್ಟೆ ಎತ್ತಿದರೆ ಅದು ಬೋನಸ್ಸು.

ಮೆಟ್ರೊ ಕಥೆಯೂ ಹೀಗೇ. ಸಿಂಗಪುರದ ಎಂಆರ್‌ಟಿ ನಿಲ್ದಾಣದಲ್ಲಿ ಇಂಗ್ಲಿಷ್, ಚೀನೀ, ಮಲಯ್, ತಮಿಳು ನಾಲ್ಕೂ ಕಾಣುತ್ತವೆ, ನಾಲ್ಕೂ ಅಧಿಕೃತ ಭಾಷೆಗಳು. ದುರಿಯನ್ ಹಣ್ಣು ಒಯ್ಯಬಾರದೆಂದು ಹಣ್ಣಿನ ಚಿತ್ರದ ಮೇಲೆ ಅಡ್ಡಗೆರೆ ಎಳೆದ ಫಲಕವಿದೆ. ನಮ್ಮ ಹಲಸಿನ ದೂರದ ನೆಂಟನಂತೆ ಕಾಣುವ ಆ ಹಣ್ಣಿನ ವಾಸನೆಗೆ ಹೆದರಿ ಮಾಡಿದ ನಿಯಮ. ಭಾಷೆಯ ವಿಷಯದಲ್ಲಿ ದಿನಾ ಜಗಳ ಕಾಣುವ ನಮ್ಮೂರಿನ ಮಗುವಿಗೆ ನಾಲ್ಕು ಭಾಷೆಯ ಫಲಕಕ್ಕಿಂತ ದೊಡ್ಡ ಸೋಜಿಗ ಯಾವ ಸ್ಟುಡಿಯೋದಲ್ಲಿದೆ? ಆದರೆ ಮಕ್ಕಳು ಎಂಆರ್‌ಟಿ ಹತ್ತುವುದೇ ಇಲ್ಲ. ಎಸಿ ಕೋಚು ಹೋಟೆಲಿನ ಬಾಗಿಲಿಗೇ ಬರುತ್ತದೆ.

ಪ್ರವಾಸದ ಪರ ವಾದಿಸುವವರು ಹೇಳುವ ಒಂದು ಮಾತು ನಿಜ: ಅಪ್ಪ ಅಮ್ಮನ ಬಿಟ್ಟು ನಾಲ್ಕು ರಾತ್ರಿ ಮಲಗುವುದೇ ಒಂದು ಕಲಿಕೆ. ಸೂಟ್‌ಕೇಸಿನಲ್ಲಿ ಬಟ್ಟೆ ಹೊಂದಿಸುವುದು, ಒದ್ದೆ ಟವೆಲ್ ಹರವುವುದು, ಎರಡು ಡಾಲರಿನ ನೋಟು ಕೊಟ್ಟು ಚಿಲ್ಲರೆ ಎಣಿಸುವುದು. ಅಂದಹಾಗೆ ಆ ನೇರಳೆ ಬಣ್ಣದ ನೋಟಿನ ಹಿಂಬದಿಯಲ್ಲಿ ಶಾಲೆಯ ಮಕ್ಕಳ ಚಿತ್ರವೇ ಇದೆ, ಯಾರಾದರೂ ತಿರುಗಿಸಿ ನೋಡಿದರೆ. ಈ ಸಣ್ಣ ಕೆಲಸಗಳ ಬಗ್ಗೆ ನನಗೆ ದೊಡ್ಡ ಗೌರವವಿದೆ. ಪ್ಯಾಕೇಜಿನ ಜಾಣತನವಿರುವುದು ಅವನ್ನೇ ಮಗುವಿನ ಕೈಯಿಂದ ಕಸಿದುಕೊಳ್ಳುವುದರಲ್ಲಿ. ಪಾಸ್‌ಪೋರ್ಟು ಮಿಸ್ ಕೈಯಲ್ಲಿ, ಹಣ ಟೂರ್ ಮ್ಯಾನೇಜರ್ ಕೈಯಲ್ಲಿ, ಬ್ಯಾಗು ಬಸ್ಸಿನ ಹೊಟ್ಟೆಯಲ್ಲಿ. ಗಂಟೆಗೊಂದು ಫೋಟೊ ಗ್ರೂಪಿಗೆ ಬೀಳುತ್ತದೆ. ಬಿದ್ದ ಕೂಡಲೇ ಬೆಂಗಳೂರಿನಿಂದ ಸಾಲು ಸಾಲು: ‘ಮಿಸ್, ನಮ್ಮ ಆರ್ಯ ಕಾಣ್ತಿಲ್ಲ?’ ‘ಮಿಸ್, ಸ್ವೆಟರ್ ಹಾಕ್ಸಿ ಪ್ಲೀಸ್.’ ಸಮಭಾಜಕ ವೃತ್ತದ ಪಕ್ಕದ ಊರಿನಲ್ಲಿ ಸ್ವೆಟರ್! ಆದರೆ ಕೋಚಿನ ಎಸಿ ಹಾಗಿರುತ್ತದೆ, ತಾಯಿಯದೂ ಪೂರ್ತಿ ತಪ್ಪಲ್ಲ. ಮಿಸ್ ಮಕ್ಕಳತ್ತ ನೋಡಬೇಕೋ ಫೋನಿನತ್ತ ನೋಡಬೇಕೋ ಎಂಬುದು ಹಾಳೆಯಲ್ಲಿ ಬರೆದಿರುವುದಿಲ್ಲ.

ಸಿಂಗಪುರದ ಶಾಲೆಗಳೂ ತಮ್ಮ ಪ್ರಾಥಮಿಕ ಮಕ್ಕಳನ್ನು ಹೊರದೇಶಕ್ಕೆ ಒಯ್ಯುತ್ತವೆ. 2015ರ ಜೂನ್‌ನಲ್ಲಿ ತಾಂಜೋಂಗ್ ಕಾಟೋಂಗ್ ಪ್ರಾಥಮಿಕ ಶಾಲೆಯ 29 ಮಕ್ಕಳು ಎಂಟು ಶಿಕ್ಷಕರೊಂದಿಗೆ ಮಲೇಷ್ಯಾದ ಕಿನಬಾಲು ಪರ್ವತಕ್ಕೆ ಹೋಗಿದ್ದರು. ಆರನೇ ತರಗತಿಯ ಮಕ್ಕಳು, ನಾಯಕತ್ವದ ತರಬೇತಿಯ ಭಾಗ, ಮುಂಚಿನಿಂದ ತಯಾರಿ. ಜೂನ್ 5ರ ಬೆಳಿಗ್ಗೆ ಭೂಕಂಪವಾಗಿ ಬಂಡೆಗಳು ಉರುಳಿದವು. ಆ ಶಾಲೆಯ ಏಳು ಮಕ್ಕಳು, ಇಬ್ಬರು ಶಿಕ್ಷಕರು ತೀರಿಕೊಂಡರು. ಅವರ ಜೊತೆಗಿದ್ದ ಗೈಡ್‌ಗಳಲ್ಲೂ ಕೆಲವರು ಉಳಿಯಲಿಲ್ಲ. ಜೂನ್ 8ನ್ನು ಸಿಂಗಪುರ ರಾಷ್ಟ್ರೀಯ ಸ್ಮರಣೆಯ ದಿನವಾಗಿ ಆಚರಿಸಿತು. ನಾಲ್ಕು ಸಾವಿರ ಮೀಟರಿಗೂ ಎತ್ತರದ ಬೆಟ್ಟಕ್ಕೆ ಹನ್ನೆರಡರ ಮಕ್ಕಳನ್ನು ಕರೆದೊಯ್ಯಬೇಕಿತ್ತೇ ಎಂಬ ಪ್ರಶ್ನೆ ಎದ್ದದ್ದು ಸಹಜ. ಭೂಕಂಪವನ್ನು ಯಾವ ಶಿಕ್ಷಕನೂ ಮುಂಗಾಣಲಾರ, ಅದನ್ನು ಬೇಜವಾಬ್ದಾರಿಯೆನ್ನಲು ನನಗೆ ಬಾಯಿ ಬಾರದು. ಆ ಪ್ರವಾಸಕ್ಕೆ ಒಂದು ಉದ್ದೇಶವಿತ್ತು, ಮಗು ತನ್ನ ಕಾಲಲ್ಲೇ ಹತ್ತಬೇಕಿತ್ತು, ಅದಕ್ಕೆ ಮೊದಲು ಮೈ ಪಳಗಬೇಕಿತ್ತು. ನಮ್ಮ ಹಾಳೆಯಲ್ಲಿ ಇಲ್ಲದಿರುವುದು ಆ ಉದ್ದೇಶ ಮತ್ತು ಆ ತಯಾರಿ. ಸುರಕ್ಷತೆಯ ಭರವಸೆ ಬೇಕಾದಷ್ಟಿದೆ. ಆದರೆ ಸುರಕ್ಷತೆಯೆಂಬುದು ದೇಶದ ಹೆಸರಿನಿಂದ ಬರುವುದಿಲ್ಲ, ಮಕ್ಕಳ ಮೇಲೆ ಕಣ್ಣಿಟ್ಟವರಿಂದ ಬರುತ್ತದೆ. 2024ರ ಡಿಸೆಂಬರಿನಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯೊಂದರ ನಾಲ್ವರು ಹೆಣ್ಣುಮಕ್ಕಳು ಪ್ರವಾಸ ಹೋದಾಗ ಮುರ್ಡೇಶ್ವರದ ಕಡಲ ಪಾಲಾದರು. ಅಲ್ಲಿಗೆ ವೀಸಾ ಬೇಕಿರಲಿಲ್ಲ.

ಇಂಥದೇ ಹಾಳೆಗಳಲ್ಲಿ ಬರುವ ನಾಸಾ ಪ್ರವಾಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಕ್ಕಳು ಹೋಗುವುದು ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದ ಸಂದರ್ಶಕ ಸಂಕೀರ್ಣಕ್ಕೆ. ಟಿಕೆಟ್ ಕೊಂಡ ಯಾರೂ ಹೋಗಬಹುದಾದ ಜಾಗ, ನಡೆಸುವುದು ಖಾಸಗಿ ಗುತ್ತಿಗೆದಾರರು. ಸ್ಯಾಟರ್ನ್ ರಾಕೆಟ್ಟಿನಡಿ ನಿಂತರೆ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ ನಿಜ. ಆದರೆ ಪಟ್ಟಿಯಲ್ಲಿ ಅದರ ಪಕ್ಕದಲ್ಲೇ ಒರ್ಲಾಂಡೋದ ಡಿಸ್ನಿ ಇರುತ್ತದೆ.

ಪುಣೆ ಜಿಲ್ಲಾ ಪರಿಷತ್ತು 2025ರಲ್ಲಿ ಇದೇ ನಾಸಾ ಕನಸನ್ನು ಹಳ್ಳಿ ಶಾಲೆಗೆ ತಂದಿತು. ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ನೆರವಿನಿಂದ ಆರು, ಏಳನೇ ತರಗತಿಯ ಮಕ್ಕಳಿಗೆ ಹಂತ ಹಂತದ ಪರೀಕ್ಷೆ ಮಾಡಿ, 25 ಮಂದಿಗೆ ನಾಸಾ, 50 ಮಂದಿಗೆ ಇಸ್ರೋ ಎಂದು ಆರಿಸಿತು. ದುಡ್ಡಿದ್ದವರ ಮಕ್ಕಳಿಗೆ ಮೀಸಲಾದದ್ದನ್ನು ಜಿಲ್ಲಾ ಪರಿಷತ್ ಶಾಲೆಯ ಮಗುವಿಗೆ ಕೊಟ್ಟದ್ದು ದೊಡ್ಡ ಮಾತು, ಅದಕ್ಕೆ ನನ್ನ ಪೂರ್ಣ ಒಪ್ಪಿಗೆ. ತಕರಾರು ಇಷ್ಟೇ: ಆ ಲೆಕ್ಕದಲ್ಲಿ ಇಸ್ರೋ ಎರಡನೇ ಬಹುಮಾನವಾಗಿಬಿಟ್ಟಿತು. ಶ್ರೀಹರಿಕೋಟಾದಲ್ಲಿ 2019ರಿಂದ ಸಾರ್ವಜನಿಕರಿಗೆ ಗ್ಯಾಲರಿ ತೆರೆದಿದೆ, ಉಡಾವಣೆಯನ್ನು ಕಣ್ಣಾರೆ ನೋಡಬಹುದು. ಪ್ರದರ್ಶನಕ್ಕಿಟ್ಟ ರಾಕೆಟ್ಟಿಗಿಂತ ಹಾರುವ ರಾಕೆಟ್ಟು ಮೇಲೆಂದು ಹನ್ನೆರಡರ ಯಾವ ಮಗುವಾದರೂ ಹೇಳೀತು.

ಹಣದ ಮಾತಿಗೆ ಬಂದರೆ, ಇಂಗ್ಲೆಂಡಿನ ಸರ್ಕಾರಿ ಶಾಲೆಗಳಿಗೆ 1996ರ ಶಿಕ್ಷಣ ಕಾಯ್ದೆ ಹಾಕಿರುವ ಕಟ್ಟು ನೆನಪಾಗುತ್ತದೆ. ಶಾಲೆಯ ಅವಧಿಯಲ್ಲಿ ನಡೆಯುವ ಪ್ರವಾಸಕ್ಕೆ ಶುಲ್ಕ ಕೇಳುವಂತಿಲ್ಲ. ಸ್ವಇಚ್ಛೆಯ ವಂತಿಗೆ ಕೇಳಬಹುದು, ಕೊಡದವರ ಮಗುವನ್ನು ಬಿಟ್ಟು ಹೋಗುವಂತಿಲ್ಲ. ರಾತ್ರಿ ತಂಗುವುದಿದ್ದರೆ ಊಟ ವಸತಿಯ ಖರ್ಚು ಕೇಳಬಹುದು. ಸಾಕಷ್ಟು ವಂತಿಗೆ ಬಾರದಿದ್ದರೆ ಪ್ರವಾಸವೇ ರದ್ದಾಗಬಹುದು, ಅದೂ ಎಲ್ಲರಿಗೂ. ನಮ್ಮ ಖಾಸಗಿ ಶಾಲೆಗಳಲ್ಲಿ ನಲವತ್ತರ ತರಗತಿಯಿಂದ ಹತ್ತು ಹನ್ನೆರಡು ಮಕ್ಕಳು ಹೊರಡುತ್ತಾರೆ. ಉಳಿದವರಿಗೆ ಆ ವಾರ ಎರಡು ಸೆಕ್ಷನ್ ಕೂಡಿಸಿ ಡ್ರಾಯಿಂಗ್ ಮತ್ತು ಪಿ.ಟಿ. ‘ನಮ್ಮನೇಲಿ ಬೇಡ ಅಂದ್ರು’ ಎಂದು ಒಂಬತ್ತು ವರ್ಷದ ಹುಡುಗಿ ಗೆಳತಿಗೆ ಹೇಳುವುದನ್ನು ಕಲಿಯುತ್ತಾಳೆ. ದುಡ್ಡಿಲ್ಲ ಎಂಬ ಮಾತನ್ನು ಹಾಗೆ ಮುಚ್ಚಿ ಹೇಳುವುದೂ ಆ ಪ್ರವಾಸವೇ ಕಲಿಸಿದ ವಿದ್ಯೆ, ಹೋಗದವರಿಗೆ.

ಇಷ್ಟೆಲ್ಲ ಹೇಳಿಯೂ ಪ್ರವಾಸವನ್ನೇ ನಿಲ್ಲಿಸಿ ಎನ್ನಲಾರೆ. ಐದನೇ ತರಗತಿಯ ಒಳಗಿನವರನ್ನು ಬಿಡಿ, ಆರು ಏಳನೆಯವರನ್ನು ಒಯ್ಯಿರಿ. ಅಲ್ಲಿನ ಒಂದು ಶಾಲೆಯಲ್ಲಿ ಒಂದು ಪೂರ್ತಿ ದಿನ ಕೂರಿಸಿ. ಸಿಂಗಪುರದ ಮಕ್ಕಳು ತಮ್ಮ ತರಗತಿಯನ್ನು ತಾವೇ ದಿನಾ ಗುಡಿಸಿ ಒರೆಸುತ್ತಾರೆ, ನಮ್ಮವರೂ ಒಮ್ಮೆ ಪೊರಕೆ ಹಿಡಿಯಲಿ. ಬಸ್ಸು ಬಿಟ್ಟು ರೈಲು ಹತ್ತಿಸಿ, ಒಂದು ಹೊತ್ತಾದರೂ ಹಾಕರ್ ಸೆಂಟರಿನಲ್ಲಿ ಉಣ್ಣಿಸಿ. ಕಾರ್ಯಕ್ರಮವನ್ನು ಸಮಾಜ ವಿಜ್ಞಾನದ ಮೇಷ್ಟ್ರು ಬರೆಯಲಿ, ಟ್ರಾವೆಲ್ಸ್‌ನವರು ಟಿಕೆಟ್ ತೆಗೆಯಲಿ. ಯೂನಿವರ್ಸಲ್ ಸ್ಟುಡಿಯೋಸ್‌ಗೆ ಒಂದು ದಿನ ಇರಲಿ ಬಿಡಿ, ಮಕ್ಕಳು ತಾನೆ. ಆ ದಿನದ ಮುಂದೆ ‘ಆಟ’ ಎಂದೇ ಬರೆದರಾಯಿತು.